ಒರತೆಯ ಮೇಲೆ ಇಂಟರ್‌ಲಾಕ್

ಫಿನಾಯಿಲಿನ ವಾಸನೆ, ನಾಗಬನದೊಳಗೆ ಫಿನಾಯಿಲು, ಅಲ್ಲಿ ಮಾಯಿಲಪ್ಪ — ಲೇಔಟಿನ ಸೂಪರ್‌ವೈಸರು, ಇಸ್ತ್ರಿ ಹಾಕಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು — ಯಾರದೋ ಹಳೆ ನೈಟಿಯ ತುಂಡಿನಿಂದ ನೆಲ ಒರೆಸುತ್ತಿದ್ದಾನೆ, ಒರೆಸುವುದು, ಬಕೆಟಿಗೆ ಹಿಂಡುವುದು, ಮತ್ತೆ ಒರೆಸುವುದು, ಅವನು ಹಿಂಡಿ ತಿರುಗುವಷ್ಟರಲ್ಲಿ ಎರಡು ಇಂಟರ್‌ಲಾಕ್ ಕಲ್ಲುಗಳ ಸಂದಿಯಲ್ಲಿ ನೀರು ಮತ್ತೆ ಒಂದು ಹನಿಯಾಗಿ ಉಬ್ಬುತ್ತದೆ, ಉಬ್ಬಿ ಒಂದು ಗಳಿಗೆ ನಿಂತು ಒಡೆದು ಹರಿಯುತ್ತದೆ. ಒರತೆಯನ್ನು ಬಟ್ಟೆಯಲ್ಲಿ ಒರೆಸಿ ಮುಗಿಸಲು ಹೊರಟವರನ್ನು ನಾನು ನೋಡಿದ್ದು ಇದೇ ಮೊದಲು. ಬೇಗ ಒರಸು ಮಾರಾಯ, ಲೇಔಟು ನೋಡ್ಲಿಕ್ಕೆ ಬರುವ ಮೇಡಂನ ಜೀಪು ಕಡಬ ಪೇಟೆ ದಾಟಿಯಾಯ್ತಂತೆ, ಮುರಳಿಕೃಷ್ಣ ಗದರುತ್ತಾನೆ, ಈ ಲೇಔಟು ಮಾಡಿಸುವವನು ಅವನು, ಜಾಗ ಮಾತ್ರ ನಮ್ಮದು, ಅಮ್ಮ ನನಗೂ ಅಣ್ಣ ಮಹಾಲಿಂಗನಿಗೂ ಜಂಟಿಯಾಗಿ ಬಿಟ್ಟುಹೋದ ಗುಡ್ಡ, ಗುಡ್ಡದ ತಗ್ಗಿನಲ್ಲಿ ಈ ಬನ, ಬನ ಎಂದೇ ಈಗಲೂ ಬಾಯಿಗೆ ಬರುತ್ತದೆ. ನಕ್ಷೆಯಲ್ಲಿ ಇದನ್ನು ಪಾರ್ಕ್ ಎಂದು ಬರೆದಿದ್ದಾರೆ.

ಲೇಔಟಿನ ಮಾತು ಶುರುವಾದ ದಿನ ಅಣ್ಣನಿಗೆ ಎಂಥ ಖುಷಿ, ಪುತ್ತೂರಿನ ಕಚೇರಿಯಿಂದ ಬಂದವನು ಅಂಗಿಯನ್ನೂ ಬಿಚ್ಚದೆ ಜಗಲಿಯಲ್ಲಿ ಕೂತು — ಕೇಳು ಶಂಕರಿ, ಲೇಔಟು ಮಾಡುದಾದ್ರೆ ಹತ್ತರಲ್ಲಿ ಒಂದು ಪಾಲು ಪಾರ್ಕಿಗೆ ಬಿಡ್ಲೇಬೇಕಂತೆ, ಕಾನೂನು, ನಾವು ಬನವನ್ನೇ ಬಿಡುವ, ಸೈಟಿನ ಜಾಗವೂ ಉಳೀತದೆ, ಬನವೂ ಉಳೀತದೆ, ನಾಳೆ ಯಾರಿಗೂ ಮುಟ್ಲಿಕ್ಕಾಗುದಿಲ್ಲ, ಸರ್ಕಾರವೇ ಕಾಯ್ತದೆ. ಹೌದಲ್ಲ ಅನಿಸಿತ್ತು, ಮನೆಯೂ ಏಳಬೇಕು ಮರವೂ ಉಳಿಯಬೇಕು, ಎರಡನ್ನೂ ತೂಗುವುದಕ್ಕೆ ಒಂದು ಕಾನೂನು ಇದೆಯಲ್ಲ, ಎಷ್ಟು ಒಳ್ಳೆಯದು, ಆ ರಾತ್ರಿ ನಿದ್ದೆಯೂ ಚೆನ್ನಾಗಿ ಬಂದಿತ್ತು. ಆಮೇಲೆ ಗೊತ್ತಾಯಿತು, ಪಾರ್ಕೆಂದರೆ ಇದ್ದ ಹಾಗೇ ಬಿಟ್ಟರೆ ಸಾಲದು, ಅದನ್ನು ಅಭಿವೃದ್ಧಿಪಡಿಸಬೇಕು, ನೆಲ ಸಮ ಆಗಬೇಕು, ನಡೆಯಲು ದಾರಿ, ಕೂರಲು ಬೆಂಚು, ದೀಪದ ಕಂಬ, ಕಾಡು ಎಂದು ಬರೆಯಲು ಅವರ ಫಾರಂನಲ್ಲಿ ಜಾಗವೇ ಇಲ್ಲ. ನಾಗರಬೆತ್ತ ಮರವಲ್ಲವಂತೆ, ಮಾದೇರಿ ಬಳ್ಳಿ ಮರವಲ್ಲವಂತೆ, ಕೇದಗೆ ಮರವಲ್ಲವಂತೆ, ಕಡಿಯಲು ಯಾರ ಅಪ್ಪಣೆಯೂ ಬೇಡ, ಜೆಸಿಬಿ ಬೆಳಗ್ಗೆ ಬಂದು ಊಟದ ಹೊತ್ತಿಗೆ ಅರ್ಧ ಬನ ಬೋಳಿಸಿತು, ಸೌಟಿನಲ್ಲಿ ಅನ್ನ ತೆಗೆದ ಹಾಗೆ ಬೇರುಸಮೇತ ತೆಗೆದು ಟಿಪ್ಪರಿಗೆ ಸುರಿಯಿತು. ನಾಗನ ಕಲ್ಲುಗಳನ್ನೆಲ್ಲ ಎತ್ತಿ ಗ್ರಾನೈಟಿನ ಕಟ್ಟೆಯ ಮೇಲೆ ಸಾಲಾಗಿ ಕೂರಿಸಿದರು, ಎದುರಿಗೆ ಸ್ಟೀಲಿನ ಗ್ರಿಲ್ಲು, ಮೇಲೆ ತಗಡು, ಬಸ್ಸಿಗೆ ಕಾದು ಕೂತವರ ಹಾಗೆ ಕಾಣುತ್ತವೆ ಪಾಪ, ಹೋಮ ಆಯಿತು, ಹೋಳಿಗೆ ಊಟ ಆಯಿತು, ಚಂದ ಆಯ್ತು ಮಹಾಲಿಂಗಣ್ಣ, ಕೆಸರು ಇಲ್ಲ ಜಿಗಣೆ ಇಲ್ಲ, ಇನ್ನು ಹೆಂಗಸರು ಮಕ್ಕಳು ಧೈರ್ಯದಲ್ಲಿ ಬರಬಹುದು, ಎಂದು ಬಂದವರೆಲ್ಲ ತೇಗುತ್ತಾ ಹೇಳಿದರು. ಥೂ, ಆ ಹೋಳಿಗೆಯನ್ನು ನಾನೂ ತಿಂದೆ.

ಒರತೆ ಮಾತ್ರ ಯಾರ ಮಾತನ್ನೂ ಕೇಳಲಿಲ್ಲ. ಮೇಲೆ ಜಲ್ಲಿ ಹಾಕಿದರು, ಎಂ ಸ್ಯಾಂಡ್ ಹಾಕಿದರು, ಪೈಪು ಇಟ್ಟು ಎತ್ತಲೋ ತಿರುಗಿಸಲು ನೋಡಿದರು, ಇಂಟರ್‌ಲಾಕ್ ಹಾಸಿ ಕುಟ್ಟಿದರು, ಮರುದಿನ ಸಂದಿಯಲ್ಲಿ ಹನಿ. ಮೇ ತಿಂಗಳಲ್ಲೂ ಬತ್ತದ ನೀರು ಅದು, ಇಚಿಲಂಪಾಡಿ ಕಡೆಗೆ ಇಳಿಯುವ ತೋಡಿನ, ಆ ಹಳ್ಳದ ತಲೆ ಇದೇ, ಅಮ್ಮ ನಾಗನಿಗೆ ಹಾಲೆರೆದ ಮೇಲೆ ಬೊಗಸೆಯಲ್ಲಿ ಎತ್ತಿ ನನ್ನ ಕಣ್ಣಿಗೆ ಒತ್ತುತ್ತಿದ್ದಳು, ಹಾಂ ಈಗ ಕುಡಿ, ಪೂರ್ತಿ ಕುಡಿ, ತಣ್ಣಗೆ, ಕೇದಗೆ ಬೇರಿನ ಒಂದು ಸಣ್ಣ ಪರಿಮಳ ಇರುತ್ತಿತ್ತು, ಈಗ ಕೆಸರಿನ ವಾಸನೆ ಮೇಡಂ ಮೂಗಿಗೆ ತಾಗಬಾರದೆಂದು ಅದರ ಮೇಲೆ ಬಾಟ್ಲಿಗಟ್ಟಲೆ ಫಿನಾಯಿಲು. ಏಕೆಂದರೆ ನೀರಿನ ಮೂಲ ಇದೆ ಎಂದು ಒಮ್ಮೆ ಬರೆದಾಯಿತೋ, ಮುಗಿಯಿತು, ಸುತ್ತಲಿನ ಜಾಗ ಮುಟ್ಟುವಂತಿಲ್ಲ, ಉಳಿದ ಅರ್ಧ ಬನ ಹಾಗೇ ನಿಲ್ಲುತ್ತದೆ, ಇಡೀ ಲೇಔಟಿನ ನಕ್ಷೆ ಮತ್ತೆ ಬರೆಯಬೇಕು, ಒರತೆಗೆ ತಾಗಿದ ಸೈಟುಗಳು ಹೋಗುತ್ತವೆ, ಅದರಲ್ಲಿ ಮೊದಲು ಹೋಗುವುದು ಏಳನೇ ನಂಬರಿನದ್ದು. ಏಳನೇ ನಂಬರು ನನ್ನ ಮಗಳು ಅನಘಾಳದ್ದು. ಅವಳು ಗಂಡನ ಮನೆ ಬಿಟ್ಟು ಪುಟ್ಟ ತನ್ಮಯಿಯನ್ನು ಎತ್ತಿಕೊಂಡು ಬಂದ ಮೇಲೆ ನಾವು ಮೂವರೂ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ, ಅತ್ತಿಗೆ ಕೆಟ್ಟವಳೇನಲ್ಲ, ಆದರೆ ಗ್ಯಾಸು ಈ ಸಲ ಬೇಗ ಮುಗೀತಲ್ಲ ಅನ್ನುತ್ತಾಳೆ, ಮಗು ಗೋಡೆಗೆ ಗೀಚಿದರೆ ಏನೂ ಹೇಳದೆ ಬಟ್ಟೆ ತಂದು ಒರೆಸುತ್ತಾಳೆ, ಆ ಹೇಳದೆ ಒರೆಸುವುದಿದೆಯಲ್ಲ, ಅದು ಬೈದದ್ದಕ್ಕಿಂತ ಹೆಚ್ಚು. ನಂಗೆ ದೊಡ್ಡ ಮನೆ ಬೇಡ ಅಮ್ಮ, ಎಂದಳು ಅನಘಾ ಒಂದು ದಿನ ಬಟ್ಟೆ ಒಣಹಾಕುತ್ತಾ, ಮುಖ ತೋರಿಸದೆ, ಒಂದು ಬಾಗಿಲು ಬೇಕು, ನಾನೇ ಒಳಗಿಂದ ಚಿಲಕ ಹಾಕುವ ಬಾಗಿಲು. ಸೈಟು ಅವಳಿಗೇ ಎಂದು ಅಣ್ಣ ಮಾತು ಕೊಟ್ಟಿದ್ದಾನೆ, ಲೇಔಟು ಪಾಸಾದರೆ.

ಜೀಪು ಬಂತು. ಯೋಜನಾ ಕಚೇರಿಯ ಮೇಡಂ ಮಿಸ್ರಿಯಾ, ಅನಘಾಳ ಪ್ರಾಯವೇ ಇರಬೇಕು, ಶೂಗಳ ತುಂಬ ಕೆಂಪು ಧೂಳು, ಮುರಳಿಕೃಷ್ಣ ಎಳನೀರಿನ ಬೊಂಡ ಹಿಡಿದು ಹಿಂದೆಯೇ ಓಡುತ್ತಾನೆ, ಕುಡೀರಿ ಮೇಡಂ, ನಮ್ಮ ತೋಟದ್ದೇ, ಅವಳು ಬೇಡವೆಂದು ಕೈಯಾಡಿಸಿ ನಕ್ಷೆ ಬಿಡಿಸಿದಳು, ಬೆಂಚು ನೋಡಿದಳು, ಕಂಬ ನೋಡಿದಳು, ಉಳಿದರ್ಧ ಬನದ ಕತ್ತಲನ್ನೂ ನೋಡಿದಳು, ಆಮೇಲೆ ಬಗ್ಗಿ ಕಲ್ಲು ಮುಟ್ಟಿದಳು. ಇದೆಂತ ಒದ್ದೆ. ಈಗ ತೊಳೆದದ್ದು ಮೇಡಂ, ನೀವು ಬರ್ತೀರಿ ಅಂತ ಕ್ಲೀನು ಮಾಡಿಸಿದ್ದು, ಎಂದು ಮುರಳಿಕೃಷ್ಣ, ಹೌದು ಹೌದು ಎಂದು ಅಣ್ಣ, ನಗುತ್ತಾ, ಅಮ್ಮನ ಮೂಗು ಅಮ್ಮನ ಹಣೆ ಇಟ್ಟುಕೊಂಡು ಹೌದು ಹೌದು, ನನಗೆ ಅವನ ಮುಖ ನೋಡುವುದಕ್ಕೇ ಹೇಸಿಗೆಯಾಯಿತು, ಮಾಯಿಲಪ್ಪ ಬಕೆಟನ್ನು ಮೆಲ್ಲ ಬೆನ್ನ ಹಿಂದೆ ಸರಿಸಿದ. ಅವಳು ನಂಬಲಿಲ್ಲ, ಎದ್ದು ನೇರ ನನ್ನ ಹತ್ತಿರ ಬಂದಳು. ಅಮ್ಮ, ನೀವೂ ಜಾಗದವರಲ್ವ, ಸತ್ಯ ಹೇಳಿ, ಇಲ್ಲಿ ಒರತೆ ಉಂಟಾ, ನಕ್ಷೆಯಲ್ಲಿ ಇಲ್ಲ, ನಾನೊಬ್ಳೇ ಬರೆದ್ರೆ ಮೇಲಿನವರು ಹೊಡೆದು ಹಾಕ್ತಾರೆ, ಜಾಗದವರು ಹೇಳಿದ್ರೆ ಹಾಗೆ ಮಾಡ್ಲಿಕ್ಕಾಗುದಿಲ್ಲ, ಆಮೇಲೆ ಈ ಬನಕ್ಕೆ ಯಾರೂ ಕೈ ಹಾಕುದಿಲ್ಲ, ಕಾನೂನಲ್ಲಿ ಉಂಟು. ಅವಳ ದನಿಯಲ್ಲಿ ಒಂಥರಾ ಆಸೆ ಇತ್ತು.

ಹಾಗಾದರೆ ಕಾನೂನು ಸುಳ್ಳಲ್ಲ, ಇಷ್ಟು ದಿನ ಬೈದೆನಲ್ಲ, ಕಾನೂನು ಎದುರಿಗೇ ನಿಂತಿದೆ, ಧೂಳು ಶೂ ಹಾಕಿಕೊಂಡು, ಒಂದು ಮಾತು ಸಾಕು ಅನ್ನುತ್ತಿದೆ, ಉಂಟು ಎಂಬ ಒಂದು ಮಾತು, ಅಣ್ಣ ಕೆಮ್ಮುತ್ತಾನೆ, ಸುಮ್ಮನೆ ಕೆಮ್ಮು, ಅನಘಾ ಈಗ ಪೇಟೆಯ ಮೆಡಿಕಲ್ಲಿನಲ್ಲಿ ಯಾರಿಗೋ ಮಾತ್ರೆ ಕತ್ತರಿಸಿ ಕೊಡುತ್ತಿರಬಹುದು, ಸಂಜೆ ಬಂದು ಎಂತಾಯ್ತು ಅಮ್ಮ ಅನ್ನುತ್ತಾಳೆ, ಏನು ಹೇಳಲಿ, ನಿನ್ನ ಬಾಗಿಲನ್ನು ನಾನೇ ಬನಕ್ಕೆ ಕೊಟ್ಟೆ ಅನ್ನಲೇ, ಒಂದು ಚಿಲಕ, ಬರೀ ಒಂದು ಚಿಲಕ, ಹೇಳು ಶಂಕರಿ, ಉಂಟು ಅನ್ನು, ಫಿನಾಯಿಲಿನ ವಾಸನೆ, ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬಂದಿದ್ದೇನೆ, ಬನಕ್ಕೆ ಯಾರು ಮೆಟ್ಟು ಹಾಕಿಕೊಂಡು ಬರುತ್ತಾರೆ, ಬರಿಗಾಲು, ಪಾದದ ಪಕ್ಕದ ಸಂದಿಯಲ್ಲಿ ಹನಿ ಉಬ್ಬುತ್ತಿದೆ, ಮೇಡಂ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಈಗ ನೆಲ ನೋಡುತ್ತಾಳೆ, ಈಗ — ಮತ್ತು ನನ್ನ ಕಾಲು ಸರಿಯಿತು, ಹಿಮ್ಮಡಿ ಹೋಗಿ ಆ ಸಂದಿಯ ಮೇಲೆಯೇ ಕೂತಿತು. ಒರತೆಯಾ, ಇಲ್ಲಿ ಎಂತದೂ ಇಲ್ಲ ಮಗಳೇ, ಅವರು ಈಗ ತೊಳೆದದ್ದು. ಮಗಳೇ ಎಂದೆ, ಎಷ್ಟು ಸಲೀಸಾಗಿ ಬಂತು, ಅಮ್ಮ ನೀರು ಕುಡಿಸಿದ ಬಾಯಿಂದಲೇ ಬಂತು, ಅಸಹ್ಯ, ಅವಳು ಒಂದು ಗಳಿಗೆ ನನ್ನ ಪಾದವನ್ನು ನೋಡಿದಳು, ಆಮೇಲೆ ಬರೆದುಕೊಂಡಳು, ಮುರಳಿಕೃಷ್ಣ ಬೊಂಡ ನನ್ನ ಕೈಗೆ ಕೊಟ್ಟ, ಕುಡೀರಿ ಶಂಕರಿಯಕ್ಕ, ಅಣ್ಣ ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿತು, ಕಾಲು ತೆಗೆಯಬೇಕು, ತೆಗೆದರೆ ಅವಳಿಗೆ ಕಾಣುತ್ತದೆ, ಇನ್ನೂ ಹೋಗಿಲ್ಲ ಅವಳು, ಒತ್ತಿ ಹಿಡಿಯುತ್ತೇನೆ, ಕೆಳಗಿಂದ ಅದು ಉಬ್ಬುತ್ತದೆ, ಇನ್ನೂ ಒತ್ತುತ್ತೇನೆ, ಉಬ್ಬುತ್ತದೆ, ತಣ್ಣಗೆ, ಹಿಮ್ಮಡಿಯ ಕೆಳಗೆ ಒಂದು ಹನಿ, ಹಿಮ್ಮಡಿಯ ಕೆಳಗೆ, ತಣ್ಣಗೆ —