ರೆಪ್ಪೆಯ ಸುತ್ತ ನೂರು ಮೀಟರ್

ಉಚ್ಚಂಗೆಮ್ಮ ಎಷ್ಟೋ ವರ್ಷಗಳಿಂದ ಅಳುತ್ತಲೇ ಇದ್ದಳು. ದುಃಖಕ್ಕಲ್ಲ. ದುಃಖಪಟ್ಟು ಅಳುವಷ್ಟು ಬಿಡುವು ಬುಕ್ಕಸಾಗರದ ಗದ್ದೆಗಳಲ್ಲಿ ಕೂಲಿ ಮಾಡುವವರಿಗೆ ಎಲ್ಲಿಂದ ಬರಬೇಕು? ಅವಳ ರೆಪ್ಪೆಗೂದಲು ಹೊರಗೆ ಬೆಳೆಯುವುದು ಬಿಟ್ಟು ಒಳಗೆ ತಿರುಗಿಕೊಂಡು ಕಣ್ಣುಗುಡ್ಡೆಯನ್ನೇ ಗೀರುತ್ತಿದ್ದವು. ಕಣ್ಣು ಮಿಟುಕಿಸಿದರೆ ಒಂದು ಗೀರು, ಮಿಟುಕಿಸದಿದ್ದರೆ ಉರಿ. ಎಡಗಣ್ಣು ಹೀಗೆ ಗೀರಿಸಿಕೊಂಡು ಗೀರಿಸಿಕೊಂಡು ಬೆಳ್ಳಗಾಗಿ ಹೋಗಿತ್ತು. ಈಗ ಬಲಗಣ್ಣಿನ ಸರದಿ. ನಾಟಿಯ ದಿನ ಪಕ್ಕದವಳ ಪಾದದ ಮೇಲೆ ಭತ್ತದ ಸಸಿ ನೆಟ್ಟು ಬೈಸಿಕೊಂಡ ಮೇಲೆ ಅವಳಿಗೂ ಹೆದರಿಕೆ ಹುಟ್ಟಿತು.

ಅವಳ ಅಣ್ಣನ ಮಗಳು ಸುಧಾರಾಣಿ ನರ್ಸು. ಕಣ್ಣಿನ ಡಾಕ್ಟರು ಗಂಗಾಂಬಿಕಾ ಅವರ ಜೊತೆ ಸಂಡೂರು, ಕಂಪ್ಲಿ ಎಂದು ಊರೂರು ಕ್ಯಾಂಪು ಸುತ್ತುತ್ತಿದ್ದಳು. ಕಡ್ಡಿರಾಂಪುರದ ಶಾಲೆಯಲ್ಲಿ ಕ್ಯಾಂಪು ಬಿದ್ದ ದಿನ ಸ್ಕೂಟಿ ತಂದು ಅತ್ತೆಯ ಮನೆ ಮುಂದೆ ನಿಲ್ಲಿಸಿದಳು.

"ಅತ್ತಿ, ರೆಪ್ಪಿ ಒಂಚೂರು ಕೊಯ್ದು, ಕೂದ್ಲ ಹೊರಗ ಮುಖ ಮಾಡೋ ಹಂಗ ಹೊಲಿತಾರ. ಅಷ್ಟ. ಇವತ್ತು ಬಿಟ್ರ ಡಾಕ್ಟ್ರು ನಾಳೆ ಬ್ಯಾರೆ ಜಿಲ್ಲಾಕ್ಕ ಹೋಗ್ತಾರ. ಮತ್ತ ಯಾವಾಗ ಬರ್ತಾರೋ ಏನೋ. ಕಣ್ಣು ಬೆಳ್ಳಗಾದ ಮ್ಯಾಲೆ ಯಾರು ಬಂದ್ರೂ ಉಪಯೋಗಿಲ್ಲ."

ಉಚ್ಚಂಗೆಮ್ಮ ಹಿಂದೆ ಹತ್ತಿ ಕುಳಿತಳು. ಆಪರೇಷನ್ ಸಾಮಾನಿನ ಡಬ್ಬಿ ಅವಳ ಮಡಿಲಲ್ಲಿತ್ತು. ಕಡ್ಡಿರಾಂಪುರದ ಹತ್ತಿರ ನೀರಿನ ಪೈಪಿಗೆಂದು ರಸ್ತೆ ಬದಿಗೆ ಉದ್ದಕ್ಕೆ ಗುಂಡಿ ತೋಡಿದ್ದರು. ಸ್ಕೂಟಿ ಒಮ್ಮೆ ಕುಲುಕಿತು, ಡಬ್ಬಿ ಹಾರಿ ಗುಂಡಿಗೆ ಬಿದ್ದು ಬಾಯಿ ಬಿಟ್ಟಿತು. ಕತ್ತರಿ, ಚಿಮಟ, ಸೂಜಿ, ದಾರದ ಪೊಟ್ಟಣ ಎಲ್ಲ ಕೆಸರಿನ ಪಾಲಾದವು.

ಬೇರೆ ಊರಾಗಿದ್ದರೆ ಡಬ್ಬಿ ಎತ್ತಿಕೊಂಡು, ಪೈಪಿನವರಿಗೆ ನಾಲ್ಕು ಮಾತು ಬೈದು ಮುಂದೆ ಹೋಗಬಹುದಿತ್ತು. ಆದರೆ ಹಂಪಿಯ ಸುತ್ತಮುತ್ತ ಆ ಸುಖವಿಲ್ಲ. ಅಲ್ಲಿ ಗುಂಡಿಯಿಂದ ಏನು ಮೇಲೆ ಬಂದರೂ ಅದು ಇತಿಹಾಸ. ಅದಕ್ಕಾಗಿಯೇ ಪ್ರತಿ ಗುಂಡಿಯ ತಲೆಗೂ ಒಬ್ಬ ಕಾವಲುಗಾರ ನಿಂತಿರುತ್ತಾನೆ. ಈ ಗುಂಡಿಗೆ ಪಕೀರಪ್ಪ ಇದ್ದ.

"ತಡೀರಿ! ಮುಟ್ಟಬ್ಯಾಡ್ರಿ!" ಎಂದು ಓಡಿ ಬಂದ.

"ನಮ್ವ ಅದಾವ್ರಿ. ಈಗ ಬಿದ್ವಲ್ಲ, ನೀವ ನೋಡಿದ್ರಿ," ಎಂದಳು ಸುಧಾರಾಣಿ.

"ಬಿದ್ದದ್ದು ನೋಡಿದ್ನಿ, ಇಲ್ಲ ಅನ್ನಂಗಿಲ್ಲ. ಆದ್ರ ಬೀಳೋದು ನನ್ನ ಡ್ಯೂಟಿ ಅಲ್ರೀ. ಮ್ಯಾಲೆ ಬರೋದು ನನ್ನ ಡ್ಯೂಟಿ."

ಹೀಗೆ ಸಾಮಾನೆಲ್ಲ ಭೂಗತ ವಸ್ತು ಉಸ್ತುವಾರಿ ಕಚೇರಿ ಸೇರಿತು. ಅದೊಂದು ತಗಡಿನ ಶೆಡ್ಡು. ನಾಮಫಲಕ ಶೆಡ್ಡಿಗಿಂತ ಉದ್ದವಾಗಿತ್ತು. ಅಧಿಕಾರಿ ಸಿದ್ದಲಿಂಗೇಶ್ ಇಲ್ಲಿಗೆ ಬಂದಾಗಿನಿಂದ ಅಗೆಸಿದ್ದೇ ಅಗೆಸಿದ್ದು. ಸಿಕ್ಕಿದ್ದು ಒಡೆದ ಮಡಕೆ ಮತ್ತು ಸೋಡಾ ಬಾಟಲಿಯ ಮುಚ್ಚಳ. ಅಂಥ ಮನುಷ್ಯನ ಮೇಜಿನ ಮೇಲೆ ಥಳಥಳ ಹೊಳೆಯುವ ಲೋಹ ಬಂದು ಬಿದ್ದರೆ ಏನಾಗಬೇಡ! ಒಂದು ತುದಿ ಚಮಚದ ಹಾಗೆ ಚಪ್ಪಟೆ, ಅದರ ಮೇಲೆ ಕೂರುವ ಉಂಗುರ, ಬಿಗಿಯಲು ಒಂದು ತಿರುಪು ಇದ್ದ ಸಾಧನವನ್ನು ಎತ್ತಿ ಹಿಡಿದು ಅವನು ಉಸಿರು ಬಿಗಿಹಿಡಿದ.

"ರಾಣಿವಾಸದ ಗಿಳಿಗಳ ಉಗುರು ತೆಗೆಯುವ ಸಾಧನ," ಎಂದ. "ಅನುಮಾನವೇ ಇಲ್ಲ."

ಸುದ್ದಿ ತಿಳಿದು ಶಾಲೆಯಿಂದ ಗಂಗಾಂಬಿಕಾ ಡಾಕ್ಟರು ಧಾವಿಸಿ ಬಂದರು. "ಗಿಳಿನೂ ಇಲ್ಲ, ರಾಣಿನೂ ಇಲ್ಲರೀ. ಇದು ರೆಪ್ಪೆ ಹಿಡಿಯೋ ಕ್ಲಾಂಪು. ಇಲ್ಲಿ ನೋಡ್ರಿ, ಸ್ಟೇನ್‌ಲೆಸ್ ಅಂತ ಇಂಗ್ಲಿಷಿನಾಗ ಬರ್ದೈತಿ."

"ಪೋರ್ಚುಗೀಸರು ಕುದುರಿ ಮಾರಾಕ ಬರ್ತಿದ್ರಲ್ಲ ಮೇಡಂ. ಅವರ ಅಕ್ಷರ."

"ಮತ್ತ ಈ ಪ್ಲಾಸ್ಟಿಕ್ ಡಬ್ಬಿ?"

"ಅದು ಮೇಲಿನ ಪದರದ್ದು," ಎಂದ ಸಿದ್ದಲಿಂಗೇಶ್, ಚಿಕ್ಕ ಮಕ್ಕಳಿಗೆ ಹೇಳುವಷ್ಟು ತಾಳ್ಮೆಯಿಂದ.

ಉಚ್ಚಂಗೆಮ್ಮ ಮೂಲೆಯಲ್ಲಿ ಸೆರಗಿನಿಂದ ಕಣ್ಣೀರು ಒತ್ತಿಕೊಳ್ಳುತ್ತ ಕುಳಿತಿದ್ದಳು. "ಸಾಹೇಬ್ರ, ಗಿಳಿ ಉಗುರು ಆಮ್ಯಾಲೆ ತಗೀರಂತ. ಮೊದ್ಲು ನನ್ನ ಕಣ್ಣಾಗಿನ ಕೂದ್ಲಕ್ಕೊಂದು ದಾರಿ ಮಾಡ್ರಿ," ಎಂದಳು.

ಡಾಕ್ಟರು ಅವಳ ಗದ್ದ ಹಿಡಿದು ಬಲಗಣ್ಣಿಗೆ ಟಾರ್ಚು ಬಿಟ್ಟರು. ಅವರ ಮುಖ ಸಣ್ಣಗಾಯಿತು. ಗುಡ್ಡೆಯ ಅಂಚಿನಲ್ಲಿ ಬಿಳಿ ಚುಕ್ಕೆ ಆಗಲೇ ಶುರುವಾಗಿತ್ತು. ಇನ್ನೊಂದು ಸೆಟ್ಟು ಸಾಮಾನು ಕಂಪ್ಲಿಯ ಕ್ಯಾಂಪಿನ ಜೊತೆ ಹೊರಟು ಹೋಗಿತ್ತು. ಇರುವುದು ಇದೊಂದೇ. ಇದು ಶೆಡ್ಡಿನ ಹೊಸಿಲು ದಾಟುವ ಹಾಗಿಲ್ಲವಂತೆ. ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿದರು. ಹುಚ್ಚರ ಸಂತೆಯಲ್ಲಿ ಜಾಣತನ ಖರ್ಚಾಗುವುದಿಲ್ಲವೆಂದು ಅವರಿಗೆ ಅಷ್ಟರಲ್ಲಿ ಹೊಳೆದಿರಬೇಕು.

"ಸಾರ್, ಈ ಸಾಧನ ಹೆಂಗ ಬಳಸ್ತಿದ್ರು ಅಂತ ಪ್ರಯೋಗ ಮಾಡಿ ತೋರಿಸ್ಲೇನು? ಇಲ್ಲೇ, ಶೆಡ್ಡಿನಾಗ?"

ಸಿದ್ದಲಿಂಗೇಶನ ಮುಖ ಅರಳಿತು. "ಮಾಡ್ರಿ ಮೇಡಂ! ಆದ್ರ ಈಗಿಂದೀಗ ಗಿಳಿ ಎಲ್ಲಿಂದ ತರೋದು?"

"ಗಿಳಿ ಬ್ಯಾಡ. ಈ ಅಮ್ಮಾರ ರೆಪ್ಪಿ ಸಾಕು."

ಶೆಡ್ಡು ತೊಳೆದರು, ಹೊಸ ಪ್ಲಾಸ್ಟಿಕ್ ಹಾಳೆಯ ಪರದೆ ಕಟ್ಟಿದರು, ಶಾಲೆಯಿಂದ ಆವಿಯ ಯಂತ್ರ ತರಿಸಿ ಸಾಮಾನನ್ನು ಶುದ್ಧ ಮಾಡಿದರು. ಪೊಟ್ಟಣದೊಳಗಿನ ದಾರಕ್ಕೆ ಪುಣ್ಯಕ್ಕೆ ಕೆಸರು ತಾಕಿರಲಿಲ್ಲ. ಇತಿಹಾಸದ ಮಣ್ಣೆಲ್ಲ ತೊಳೆದು ಹೋಯಿತೆಂದು ಪಕೀರಪ್ಪ ಮಾತ್ರ ಮುಖ ಊದಿಸಿಕೊಂಡಿದ್ದ. ಸೂಜಿಮದ್ದು ಕೊಟ್ಟ ಮೇಲೆ ಉಚ್ಚಂಗೆಮ್ಮನಿಗೆ ನೋವು ತಿಳಿಯಲಿಲ್ಲ. ಕ್ಲಾಂಪು ರೆಪ್ಪೆಯನ್ನು ಗಟ್ಟಿಯಾಗಿ ಹಿಡಿದದ್ದು, ಡಾಕ್ಟರ ಉಸಿರು, ಸುಧಾರಾಣಿಯ ಬೆರಳು ಹಣೆಯ ಮೇಲೆ, ಇಷ್ಟು ತಿಳಿಯಿತು. ಪರದೆಯ ಆಚೆ ಸಿದ್ದಲಿಂಗೇಶ್ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಇಲ್ಲ ಸಾರ್, ಗಿಳಿ ಭಾಳ ಸಹಕಾರ ಕೊಡ್ತಾ ಐತಿ."

ಹೊಲಿಗೆ ಮುಗಿಯಿತು, ಕಣ್ಣಿಗೆ ಪಟ್ಟಿ ಬಿತ್ತು. "ಎಂಟ್ಹತ್ತು ದಿನಕ್ಕ ಹೊಲಿಗಿ ಬಿಚ್ಚಬೇಕು. ಸುಧಾನ್ನ ಇಲ್ಲೇ ಬಿಟ್ಟು ಹೋಗ್ತೀನಿ, ಆಕಿನೇ ಬಿಚ್ತಾಳ. ಬಿಚ್ಚದ ಬಿಟ್ರ ಕೀವಾಗಿ ಮಾಡಿದ್ದೆಲ್ಲ ಹಾಳು," ಎಂದು ಡಾಕ್ಟರು ಹೇಳಿದರು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಸಿದ್ದಲಿಂಗೇಶ್ ಸಾಮಾನನ್ನು ಒಂದೊಂದಾಗಿ ಎಣಿಸಿ ವಾಪಸು ತೆಗೆದುಕೊಂಡ.

"ದಾರ ಎಲ್ಲಿ?" ಎಂದ.

"ರೆಪ್ಪಿಯೊಳಗ ಐತ್ರಿ," ಎಂದಳು ಸುಧಾರಾಣಿ.

ಸಿದ್ದಲಿಂಗೇಶ್ ಮತ್ತೆ ಫೋನು ಹಚ್ಚಿದ, ಮೇಲಿನವರು ಅವರ ಮೇಲಿನವರಿಗೆ ಹಚ್ಚಿದರು. ತೀರ್ಮಾನ ಬಂದಾಗ ಡಾಕ್ಟರ ಜೀಪು ಊರು ಬಿಟ್ಟಿತ್ತು. ಪುರಾತನ ವಸ್ತು ಯಾವುದರೊಳಗೆ ಹುದುಗಿದೆಯೋ ಅದೂ ಸಂರಕ್ಷಿತ. ಮಂಟಪದ ಕಂಬದಲ್ಲಿ ಹಳೆಯ ಮೊಳೆಯಿದ್ದರೆ ಕಂಬ ಬಿಟ್ಟು ಮೊಳೆ ಮಾತ್ರ ಕಾಯಲಿಕ್ಕಾಗುತ್ತದೆಯೇ? ಆದ್ದರಿಂದ ಉಚ್ಚಂಗೆಮ್ಮ ಇಂದಿನಿಂದ ಸ್ಮಾರಕ.

ಶೆಡ್ಡಿನ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ಸುತ್ತ ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿದರು. ನೀಲಿ ಬೋರ್ಡು ಬಂತು: 'ಸಂರಕ್ಷಿತ. ಮುಟ್ಟಬಾರದು.' ನೆರಳು ಸರಿದಾಗಲೆಲ್ಲ ಕೊಡೆ ಹಿಡಿಯುವುದು ಪಕೀರಪ್ಪನ ಡ್ಯೂಟಿ. ಸಂಜೆ ಮನೆಗೆ ಹೋಗಬಹುದು, ಆದರೆ ಪಕೀರಪ್ಪ, ಕೊಡೆ, ಬೋರ್ಡು ಮೂರೂ ಜೊತೆಗೆ ಬರಬೇಕು.

ಬೋರ್ಡಿನಲ್ಲಿ ಏನಿದೆ ಎಂದು ಅವಳು ಸುಧಾರಾಣಿಯಿಂದ ಓದಿಸಿ ಕೇಳಿದಳು. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಮ್ಮ ಕೇರಿಯವ್ರಿಗೆ ಇದೇನ್ ಹೊಸಾದು ಬಿಡ. ಮೊದ್ಲು ಬೋರ್ಡ್ ಇಲ್ದನ ಮುಟ್ತಿರ್ಲಿಲ್ಲ. ಈಗ ಸರ್ಕಾರ ಖರ್ಚು ಮಾಡಿ ಬರಿಸೈತಿ."

ಸುಧಾರಾಣಿ ನಗಲಿಲ್ಲ. ಅವಳಿಗೆ ಕಣ್ಣಲ್ಲಿ ನೀರು ಬಂತು.

ನಿಜ ಹೇಳಬೇಕೆಂದರೆ, ಮೊದಲ ನಾಲ್ಕು ದಿನ ಉಚ್ಚಂಗೆಮ್ಮನಿಗೆ ಸ್ಮಾರಕದ ಕೆಲಸ ಹಿಡಿಸಿತು. ಹುಟ್ಟಿದಾಗಿನಿಂದ ಯಾರಾದರೂ ಅವಳ ತಲೆಗೆ ನೆರಳು ಹಿಡಿದದ್ದುಂಟೇ? ಕಳೆ ಕೀಳು ಬಾ ಎಂದು ಯಾರೂ ಕರೆಯಲಿಲ್ಲ. ಪಟ್ಟಿ ತೆಗೆದ ಮೇಲೆ ಕಣ್ಣಿನಲ್ಲಿ ಚುಚ್ಚುವುದು ನಿಂತಿತ್ತು. ಹೊಲಿಗೆಯ ಊತದ ಸಂದಿನಿಂದ ಪ್ರಪಂಚ ಮೆಲ್ಲಗೆ ಕಾಣತೊಡಗಿತ್ತು. ಒಂದು ದಿನ ಬುಕ್ಕಸಾಗರದ ಗದ್ದೆಗಳ ಸಾಹುಕಾರ ಮರುಳಸಿದ್ದಪ್ಪನೇ ಮನೆಮಂದಿಯೊಂದಿಗೆ ನೋಡಲು ಬಂದ. ಬದುವಿನ ಮೇಲಿಂದಲೇ 'ಏ ಉಚ್ಚಿ' ಎಂದು ಕೂಗುತ್ತಿದ್ದವನು ಹಗ್ಗದಾಚೆ ಚಪ್ಪಲಿ ಬಿಟ್ಟು ನಿಂತ.

"ಅಮ್ಮಾರ, ಒಂಚೂರು ಈಕಡಿ ನೋಡ್ರಿ, ಫೋಟೋ ತಕ್ಕೊಂತೀವಿ."

"ನೋಡಂಗಿಲ್ರೀ," ಎಂದಳು ಉಚ್ಚಂಗೆಮ್ಮ. "ಸ್ಮಾರಕ ತಿರುಗಂಗಿಲ್ಲ. ನೀವ ಸುತ್ತು ಹಾಕ್ಕೊಂಡು ಬರ್ರಿ."

ಅವನು ನಿಜವಾಗಿಯೂ ಸುತ್ತು ಹಾಕಿ ಬಂದ!

ಆದರೆ ಹೊಲಿಗೆ ಬಿಚ್ಚುವ ದಿನ ಬಂತು. ಸುಧಾರಾಣಿ ಕೈ ತೊಳೆದುಕೊಂಡು ಚಿಕ್ಕ ಕತ್ತರಿ ಹಿಡಿದು ಹಗ್ಗದ ಹತ್ತಿರ ಬಂದರೆ ಸಿದ್ದಲಿಂಗೇಶ್ ಅಡ್ಡ ನಿಂತ. ಸಂರಕ್ಷಿತ ಸ್ಮಾರಕದಿಂದ ದಾರವನ್ನು ಕತ್ತರಿಸುವುದೆಂದರೆ ಏನು ತಮಾಷೆಯೇ? ತಜ್ಞರ ತಂಡ ಬರಬೇಕು, ಪರಿಶೀಲಿಸಬೇಕು. ಅವರು ಯಾವಾಗ ಬರುತ್ತಾರೆ? ಬಂದಾಗ ಬರುತ್ತಾರೆ. ಸುಧಾರಾಣಿ ಬೇಡಿದಳು, ಬೈದಳು, ಡಾಕ್ಟರಿಗೆ ಫೋನು ಮಾಡಿ ಅವನ ಕಿವಿಗೆ ಹಿಡಿದಳು. ಅವನು ಜಗ್ಗಲಿಲ್ಲ. ಮರುದಿನ ರೆಪ್ಪೆ ಕೆಂಪಗಾಯಿತು. ಅದರ ಮರುದಿನ ಹೊಲಿಗೆಯ ಬುಡದಲ್ಲಿ ಹಳದಿ ಕಾಣಿಸಿಕೊಂಡಿತು. ಇರುವುದೊಂದು ಕಣ್ಣು, ಅದೂ ಈಗಷ್ಟೇ ವಾಪಸು ಬಂದದ್ದು. ಇದನ್ನು ಈ ಮಾರಾಯನ ಗಿಳಿಗೆ ಬಲಿ ಕೊಡಬೇಕೇ? ಉಚ್ಚಂಗೆಮ್ಮನಿಗೆ ಮೈಯೆಲ್ಲ ಉರಿಯುವ ಸಿಟ್ಟು ಬಂತು.

"ಪಕೀರಪ್ಪ, ಸ್ಮಾರಕದ ಸುತ್ತ ಏನೇನು ಮಾಡಂಗಿಲ್ಲ ಹೇಳಪ್ಪ," ಎಂದಳು.

ಅವನಿಗೆ ಅದೆಲ್ಲ ಬಾಯಿಪಾಠ. "ನೂರು ಮೀಟರ್‌ನಾಗ ಅಗೆಯಂಗಿಲ್ಲ, ಕಟ್ಟಂಗಿಲ್ಲ, ಕಲ್ಲು-ಮಣ್ಣು ಒಟ್ಟಂಗಿಲ್ಲ, ಮಷೀನ್ ಓಡಿಸಂಗಿಲ್ಲ."

"ನಾ ಎಲ್ಲಿ ಕುಂತ್ರೂ?"

"ಎಲ್ಲಿ ಕುಂತ್ರೂ ಅಷ್ಟರಿ. ನೀವು ಹೋದಲ್ಲಿ ಬೋರ್ಡು ಬರ್ತೈತಲ್ಲ."

"ನಿಮ್ಮ ಸಾಹೇಬ್ರು ಹೊಸಪ್ಯಾಟಿಯಾಗ ಮನಿ ಕಟ್ಟಾಕತ್ತಾರ ಅಂದಿದ್ದಿಯಲ್ಲ. ಯಾವ ಕಡಿ?"

ಪಕೀರಪ್ಪನ ಕೈಯಲ್ಲಿದ್ದ ಕೊಡೆ ಸ್ವಲ್ಪ ವಾಲಿತು. ಆದರೂ ಪ್ರಾಮಾಣಿಕ ಮನುಷ್ಯ, ಹೇಳಿದ. ನಾಳೆ ಬೆಳಗ್ಗೆ ಅಲ್ಲಿ ತಾರಸಿಗೆ ಕಾಂಕ್ರೀಟಿನ ಮೋಲ್ಡು ಹಾಕುತ್ತಾರೆ ಎಂಬುದನ್ನೂ ಹೇಳಿದ.

ಮರುದಿನ ಶೇರ್ ಆಟೋದಲ್ಲಿ ಸ್ಮಾರಕ, ಸುಧಾರಾಣಿ, ಪಕೀರಪ್ಪ, ಕೊಡೆ, ಬೋರ್ಡು ಎಲ್ಲ ಹೊಸಪೇಟೆಗೆ ಹೊರಟವು. ಸಿದ್ದಲಿಂಗೇಶನ ಹೊಸ ಮನೆಯ ಮುಂದೆ ಮಿಕ್ಸರ್ ಗಡಗಡ ತಿರುಗುತ್ತಿತ್ತು, ಆಳುಗಳು ಬಾಂಡಲಿ ಹೊತ್ತು ಏಣಿ ಹತ್ತುತ್ತಿದ್ದರು. ಉಚ್ಚಂಗೆಮ್ಮ ಮರಳಿನ ರಾಶಿಯ ತುದಿಗೆ ಹತ್ತಿ ಕುಳಿತಳು. ಪಕೀರಪ್ಪ ಬೋರ್ಡು ನೆಟ್ಟ, ಕೊಡೆ ಬಿಚ್ಚಿದ, ಗಂಟಲು ಸರಿಮಾಡಿಕೊಂಡ.

"ಮಷೀನ್ ಬಂದ್ ಮಾಡ್ರೀ! ಸಂರಕ್ಷಿತ ಐತಿ!"

ಹೊಸಪೇಟೆಯವರಿಗೆ ಈ ಮಾತಿನ ಭಯ ಎಷ್ಟೆಂದು ಹೇಳಬೇಕಿಲ್ಲ. ಮೇಸ್ತ್ರಿ ತಕ್ಷಣ ಮಿಕ್ಸರ್ ನಿಲ್ಲಿಸಿದ. ಮನೆಯೊಳಗಿಂದ ಸಿದ್ದಲಿಂಗೇಶ್ ಓಡಿ ಬಂದ.

"ಏನಿದು? ಯಾರು ನಿಲ್ಸಿದ್ದು?"

"ನೀವ ನಿಲ್ಸಿದ್ರಿ ಸಾಹೇಬ್ರ," ಎಂದಳು ಉಚ್ಚಂಗೆಮ್ಮ. "ನೂರು ಮೀಟರ್ ಅಂತ. ಈ ಮನಿನೂ ಅದರಾಗ ಬರ್ತೈತಿ ನೋಡ್ರಿ. ಕೆಡವಬೇಕಾಗ್ತೈತೋ ಏನೋ, ತಜ್ಞರ ತಂಡ ಬಂದು ಹೇಳ್ಲಿ. ಅಲ್ಲೀ ಮಟ ನಾ ಏಳಂಗಿಲ್ಲ."

"ಅಮ್ಮಾ, ದಯಮಾಡಿ ಕೆಳಗ ಬರ್ರಿ. ಮೋಲ್ಡು ನಡುವೆ ನಿಂತ್ರ ತಾರಸಿ ಸೋರ್ತೈತಿ!"

"ಹೊಲಿಗಿ ನಿಂತ್ರ ಕಣ್ಣು ಸೋರ್ತೈತಿ ಸಾಹೇಬ್ರ."

ಬಿಸಿಲು ಏರುತ್ತಿತ್ತು. ಮಿಕ್ಸರಿನೊಳಗೆ ಕಾಂಕ್ರೀಟು ಬಿಗಿಯುತ್ತಿದೆ ಎಂದು ಮೇಸ್ತ್ರಿ ಕೂಗಿದ. ಮುಂದಿನ ಮಾತಾಡಲು ಸಿದ್ದಲಿಂಗೇಶನಿಗೆ ಬಹಳ ಕಷ್ಟವಾಯಿತು. ಆಡಿದ.

"ಆ ದಾರ... ಈಗಿನ ಕಾಲದ್ದೇ."

"ಗಿಳಿ ಸಾಮಾನು?" ಎಂದು ಸುಧಾರಾಣಿ ಬಿಡದೆ ಕೇಳಿದಳು.

"ಅದೂ ನಿಮ್ದೇ. ಒಯ್ದು ಬಿಡ್ರಿ, ಜಲ್ದಿ!"

ಸುಧಾರಾಣಿ ಪಕ್ಕದ ಮನೆಯ ಜಗಲಿಯಲ್ಲಿ ಅತ್ತೆಯನ್ನು ಕೂರಿಸಿ, ಕೈ ತೊಳೆದು, ಶುದ್ಧ ಮಾಡಿ ತಂದಿದ್ದ ಕತ್ತರಿಯಿಂದ ಹೊಲಿಗೆಗಳನ್ನು ಬಿಚ್ಚಿದಳು. ಕೀವು ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಮುಲಾಮು ಹಚ್ಚಿ, "ಕಣ್ಣು ತಗಿ ಅತ್ತಿ," ಎಂದಳು. ಉಚ್ಚಂಗೆಮ್ಮ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಏನೂ ಗೀರಲಿಲ್ಲ. ಮುಲಾಮಿನ ಮಂಜು ಸರಿದ ಮೇಲೆ ಎದುರಿನ ಏಣಿ, ಏಣಿಯ ಮೆಟ್ಟಿಲು, ಮೆಟ್ಟಿಲ ಮೇಲಿನ ಹೆಣ್ಣಾಳಿನ ಕಾಲಿನ ಕಡಗ, ಎಲ್ಲ ಬೇರೆಬೇರೆಯಾಗಿ ಕಂಡವು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಸುಧಾರಾಣಿಯ ಕೆನ್ನೆ ಹಿಡಿದು ಮುದ್ದಿಟ್ಟಳು.

ಪಕೀರಪ್ಪ ಕೊಡೆ ಮಡಚಿ, ಬೋರ್ಡು ಕಿತ್ತು ಕಂಕುಳಲ್ಲಿಟ್ಟುಕೊಂಡ. ಮಿಕ್ಸರ್ ಮತ್ತೆ ಗಡಗಡ ಎಂದಿತು. ಉಚ್ಚಂಗೆಮ್ಮ ಜಗಲಿಯಿಂದಿಳಿದು, ಏಣಿ ಹತ್ತುವ ಹೆಂಗಸನ್ನು ನೋಡುತ್ತ ದಾರಿಯಲ್ಲೇ ನಿಂತುಬಿಟ್ಟಳು.

"ಏ ಮುದುಕಿ, ಆಕಡಿ ಸರಿ! ದಾರ್ಯಾಗ ನಿಂತಾಳ ನೋಡು!" ಎಂದ ಸಿದ್ದಲಿಂಗೇಶ್.

ಸುಧಾರಾಣಿ ಸರ್ರನೆ ತಿರುಗಿದಳು. ಉಚ್ಚಂಗೆಮ್ಮ ಅವಳ ತೋಳು ಹಿಡಿದು ನಿಲ್ಲಿಸಿದಳು. ತಾನು ಮಾತ್ರ ಸರಿಯಲಿಲ್ಲ. ಬಿಸಿಲಲ್ಲಿ ನಿಂತೇ ಅವನ ಮುಖ ನೋಡಿದಳು: ಹಣೆಯ ಬೆವರು, ಮೀಸೆಗೆ ಹತ್ತಿದ ಸಿಮೆಂಟು, ಅತ್ತಿತ್ತ ಓಡುವ ಕಣ್ಣು. ಅವನೂ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿ, ತಾನೇ ಅವಳನ್ನು ಸುತ್ತುಹಾಕಿಕೊಂಡು ಮಿಕ್ಸರಿನ ಕಡೆಗೆ ಹೋದ.