ಎಡಗೈ ಮೊದಲು

"ಅಮ್ಮ, ಬಡಿದಿದ್ದು ಸಾಕು! ಮೇಲೆ ತಗೊಂಡ್ ಬಾ ಅದನ್ನ!"

ಸಿರ್ಕು ಬಾಲ್ಕನಿಯಿಂದ ಕೂಗಿದಳು. ಕೆಳಗೆ ಅಂಗಳದ ಕಂಬಿಯ ಮೇಲೆ ಜಮಖಾನೆ ಹರವಿ, ಅವಳ ತಾಯಿ ಐಲಾ ಬೆತ್ತದ ಬಡಿಗೆಯಿಂದ ಹಳೇ ವೈರಿ ಸಿಕ್ಕವಳಂತೆ ಬಡಿಯುತ್ತಿದ್ದಳು. ಎಪ್ಪತ್ತೊಂದು ವರ್ಷ, ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿ. ಆಕೆಗೆ ಎರಡರ ಪರಿವೆಯೂ ಇರಲಿಲ್ಲ.

"ಸರ್ಕಾರದವ್ರು ಬರೋ ಹೊತ್ತಲ್ಲಿ ಧೂಳಿಟ್ಕೊಂಡು ಕೂತಿರ್ತಾರಾ ಯಾರಾದ್ರೂ?"

"ನಮ್ಮನೆ ಹೆಂಗಿದೆಯೋ ಹಂಗೆ ನೋಡ್ಲಿ ಅಂತಾನೇ ಅವ್ರನ್ನ ಕರೆಸಿರೋದು!"

ಐಲಾ ಕೇಳಿಸದವಳಂತೆ ಇನ್ನೆರಡು ಏಟು ಹಾಕಿದಳು. ಬೆಳಿಗ್ಗೆ ಏಳಕ್ಕೇ ಬಂದು ಮನೆಯನ್ನು ಕೈಗೆ ತೆಗೆದುಕೊಂಡಿದ್ದಳು. ಐದು ವರ್ಷದ ಮೊಮ್ಮಗಳು ಸೈಮಿ ಹಿಮ್ಮಡಿಯಿಂದ ಒದ್ದೊದ್ದು ಗೋಡೆಯಲ್ಲಿ ಮಾಡಿದ್ದ ತೂತಿಗೆ ಪುಸ್ತಕದ ಕಪಾಟು ಅಡ್ಡ ಬಂದಿತ್ತು. ಅಡುಗೆಮನೆಯ ಡ್ರಾಯರುಗಳಿಗೆ ಹಾಕಿದ್ದ ಬೀಗಗಳೆಲ್ಲ ಮಾಯ. ಏಲಕ್ಕಿ ಹಾಕಿದ ಬನ್ನಿನ ಘಮ ಮೆಟ್ಟಿಲವರೆಗೂ ಹರಡಿತ್ತು. ಕಷ್ಟ ತೋರಿಸಬೇಕಾದ ದಿನ ಮನೆ ಮದುವೆಮನೆಯ ಹಾಗೆ ಹೊಳೆಯುತ್ತಿತ್ತು. ಸಿರ್ಕುಗೆ ಅಳು ಬರುವಷ್ಟು ಸಿಟ್ಟು ಬಂತು.

ಹೋದ ವರ್ಷದ ತಪ್ಪು ಮಾತ್ರ ಅವಳದೇ. ಆಗ ಬಂದ ಅಧಿಕಾರಿ ಕಾಫಿ ಕುಡಿಯುತ್ತಾ, "ಹೇಗೆ ನಡೀತಿದೆ?" ಎಂದು ಕೇಳಿದ್ದ. ಮೂರು ದಿನದಿಂದ ನೆಟ್ಟಗೆ ನಿದ್ದೆ ಮಾಡಿರದ ಸಿರ್ಕು, "ಹೇಗೋ ನಿಭಾಯಿಸ್ತಿದ್ದೀವಿ" ಎಂದಿದ್ದಳು. ಹಾಗೆ ಕೇಳಿದರೆ ಇನ್ನೇನು ಹೇಳುತ್ತಾರೆ? ಗಂಡನನ್ನು ಮಣ್ಣು ಮಾಡಿ ಬಂದ ದಿನ ಐಲಾ ಕೂಡ ಅಂಗಡಿಯವನಿಗೆ ಅದನ್ನೇ ಹೇಳಿದ್ದಳು. ಆದರೆ ಅಧಿಕಾರಿ ಅದನ್ನು ಬರೆದುಕೊಂಡ. 'ಕುಟುಂಬವು ಪರಿಸ್ಥಿತಿಯನ್ನು ನಿಭಾಯಿಸುತ್ತಿದೆ, ಮಗುವಿಗೆ ಪ್ರತ್ಯೇಕ ಸಹಾಯಕಿಯ ಅಗತ್ಯ ಕಂಡುಬರುವುದಿಲ್ಲ' ಎಂದು ಕಾಗದ ಬಂತು. ಈಗ ಶಿಶುವಿಹಾರದವರು ಕೈಚೆಲ್ಲಿದ್ದರು. ಸಹಾಯಕಿ ಸಿಗದಿದ್ದರೆ ಜನವರಿಯಿಂದ ಸೈಮಿಯನ್ನು ಹನ್ನೊಂದು ಗಂಟೆಯವರೆಗೆ ಮಾತ್ರ ಇಟ್ಟುಕೊಳ್ಳುತ್ತಾರಂತೆ. ಸಿರ್ಕು ಊರಿನ ನಾಲ್ಕನೇ ನಂಬರಿನ ಬಸ್ಸಿನ ಡ್ರೈವರ್. ಹನ್ನೊಂದಕ್ಕೆ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ ಬರುವ ಹಾಗಿಲ್ಲ, ಕೆಲಸವನ್ನೇ ಬಿಡಬೇಕು.

ಈ ಸಲದ ಅಧಿಕಾರಿ ತೂಲಿಕ್ಕಿ ಎಂಬ ನಡುವಯಸ್ಸಿನ ಹೆಂಗಸು. ಬೂಟು ಕಳಚಿ, ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಒಳಗೆ ಬಂದು, ಮೇಜಿನ ಮೇಲೆ ಕಡತ ಬಿಚ್ಚಿದಳು. ಸೈಮಿ ಜಮಖಾನೆಯ ಮೇಲೆ ಕೂತು, ಅದರ ಪಟ್ಟೆಗಳ ಉದ್ದಕ್ಕೂ ಬಟ್ಟೆಯ ಕ್ಲಿಪ್ಪುಗಳನ್ನು ಜೋಡಿಸುತ್ತಿದ್ದಳು. ಕೆಂಪು ಪಟ್ಟೆಗೆ ಕೆಂಪು, ನೀಲಿಗೆ ನೀಲಿ. ಅರ್ಧ ಗಂಟೆ ಕಳೆಯಿತು. ಒಂದು ಕಿರುಚಾಟವಿಲ್ಲ, ಒಂದು ಒದೆತವಿಲ್ಲ. ವರ್ಷವಿಡೀ ಸಿಗದ ಇಂಥ ಅರ್ಧ ಗಂಟೆ ಇವತ್ತೇ ಸಿಗಬೇಕೆ! ಒಂದೇ ಒಂದು ಕ್ಲಿಪ್ಪಾದರೂ ಎಸೆಯೇ ತಾಯಿ ಎಂದು ಸಿರ್ಕು ಮನಸ್ಸಿನಲ್ಲೇ ಬೇಡಿಕೊಂಡಳು.

"ಎಷ್ಟು ಶಾಂತವಾಗಿದ್ದಾಳೆ," ಎಂದಳು ತೂಲಿಕ್ಕಿ.

"ಇವತ್ತು ಮಾತ್ರ," ಎಂದಳು ಸಿರ್ಕು. "ದಿನಾ ಹೀಗಿರಲ್ಲ."

"ನಮ್ಮ ಹುಡುಗಿ ಚಿನ್ನ ಕಣಮ್ಮ." ಐಲಾ ತಟ್ಟೆಗೆ ಇನ್ನೊಂದು ಬನ್ನು ಇಟ್ಟಳು. "ಸ್ವಲ್ಪ ಹಟ, ಅಷ್ಟೇ. ಇವಳೂ ಹಂಗೇ ಇದ್ಳು. ನಾವು ಯಾರ ಮುಂದೇನೂ ಕೈ ಚಾಚಿದವ್ರಲ್ಲ. ಹೇಗೋ ನಿಭಾಯಿಸ್ತೀವಿ."

ತೂಲಿಕ್ಕಿಯ ಪೆನ್ನು ಕಾಗದದ ಮೇಲೆ ಓಡಿತು. ಸಿರ್ಕು ಮೇಜಿನಡಿ ತಾಯಿಯ ಕಾಲನ್ನು ತುಳಿದಳು. ಐಲಾ ಕಾಲೆಳೆದುಕೊಂಡು, ಏನಾಯ್ತೀಗ ಎಂಬಂತೆ ನೋಡಿದಳು.

"ಇನ್ನೊಂದು ನೋಡಿಬಿಡ್ತೀನಿ," ತೂಲಿಕ್ಕಿ ಗಡಿಯಾರ ನೋಡಿದಳು. "ಹೊರಗೆ ಹೊರಡೋದೇ ಕಷ್ಟ ಅಂತ ಅರ್ಜೀಲಿ ಬರೆದಿದ್ದೀರಲ್ಲ. ಬಟ್ಟೆ ಹಾಕಿ ತೋರಿಸ್ತೀರಾ?"

ಬಾಗಿಲ ಬಳಿ ಸಿರ್ಕು ಮಂಡಿಯೂರಿ ಕೂತಳು. ಇದಕ್ಕೊಂದು ಕ್ರಮವಿತ್ತು. ಉಣ್ಣೆಯ ಕಾಲುಚೀಲ, ಒಳಚಲ್ಲಣ, ಸ್ವೆಟರ್, ಮೈತುಂಬ ಮುಚ್ಚುವ ಹಿಮದಂಗಿ, ಬೂಟು, ಟೋಪಿ, ಕೊನೆಗೆ ಕೈಗವಸು. ಅದೂ ಎಡಗೈ ಮೊದಲು. ಒಂದು ಆಚೀಚೆಯಾದರೂ ಎಲ್ಲ ಬಿಚ್ಚಿ ಮತ್ತೆ ಕಾಲುಚೀಲದಿಂದ ಶುರು. ಈ ಕ್ರಮ ಹಿಡಿಯಲು ಸಿರ್ಕುಗೆ ಎಂಟು ತಿಂಗಳು ಬೇಕಾಗಿತ್ತು. ಬೇರೆ ಯಾರನ್ನೂ ಸೈಮಿ ತನ್ನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಇವತ್ತು ಎಲ್ಲ ನೀರು ಹರಿದಷ್ಟು ಸರಾಗವಾಗಿ ನಡೆಯಿತು. ಟೋಪಿಯ ದಾರ ಕಟ್ಟಿದ್ದೂ ಆಯಿತು.

"ಚೆನ್ನಾಗಿ ಹೊಂದಿಕೊಂಡಿದ್ದಾಳೆ," ಎಂದು ತೂಲಿಕ್ಕಿ ಕಡತ ಮುಚ್ಚಲು ಹೊರಟಳು.

ಸೈಮಿ ತಾಯಿಯ ಮುಖ ನೋಡಲಿಲ್ಲ. ಅವಳು ಯಾವತ್ತೂ ನೋಡುತ್ತಿರಲಿಲ್ಲ. ಎಡಗೈಯನ್ನು ಮಾತ್ರ ಮುಂದೆ ಚಾಚಿದಳು, ಐದು ಬೆರಳೂ ಬಿಡಿಸಿ. ಸಿರ್ಕು ಆ ಕೈಯನ್ನು ಸರಿಸಿ, ಬಲಗೈ ಹಿಡಿದು, ಅದಕ್ಕೆ ಗವಸು ತೊಡಿಸಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎದ್ದ ಕೂಗಿಗೆ ತೂಲಿಕ್ಕಿಯ ಕೈಯಿಂದ ಪೆನ್ನು ಬಿತ್ತು. ಸೈಮಿ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳತೊಡಗಿದಳು. ಟೋಪಿ ಹಾರಿಹೋಯಿತು. ಬಾಯಿಗೆ ಸಿಕ್ಕ ತನ್ನ ಮಣಿಕಟ್ಟನ್ನೇ ಕಚ್ಚಿದಳು. ಸಿರ್ಕು ಅವಳ ತಲೆಯಡಿಗೆ ತನ್ನ ಕೈ ಕೊಟ್ಟು ಪಕ್ಕದಲ್ಲೇ ಮಲಗಿದಳು. ಬೂಟುಗಾಲಿನ ಒದೆತ ಹೊಟ್ಟೆಗೆ, ತೊಡೆಗೆ ಬೀಳುತ್ತಿತ್ತು. ಬೀಳಲಿ, ಇನ್ನೂ ಬೀಳಲಿ ಎನಿಸಿತು ಅವಳಿಗೆ.

ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಕೂಗು ಬಿಕ್ಕಳಿಕೆಗೆ ಇಳಿದಾಗ ತೂಲಿಕ್ಕಿ ತಗ್ಗಿದ ದನಿಯಲ್ಲಿ ಕೇಳಿದಳು, "ಇದು... ಆಗಾಗ ಆಗುತ್ತಾ?"



"ದಿನಾ," ಎಂದಳು ಐಲಾ. ಕಾಫಿಯ ಪಾತ್ರೆ ಹಿಡಿದು ಗೋಡೆಗೆ ಆತು ನಿಂತಿದ್ದಳು. "ಕೆಲವು ದಿನ ಎರಡು ಸಲ. ಆ ಕಪಾಟಿನ ಹಿಂದೆ ಗೋಡೆ ನೋಡಮ್ಮ, ನಾನೇ ಮುಚ್ಚಿಟ್ಟಿದ್ದು. ನನ್ನ ಮಗಳ ಕೈಲಿ ಇನ್ನು ಆಗಲ್ಲ. ಬರ್ಕೋ ಅದನ್ನ."

ತೂಲಿಕ್ಕಿ ಬರೆದುಕೊಂಡಳು. ಈ ಸಲ ಬಹಳ ಹೊತ್ತು ಬರೆದಳು. ಹೋಗುವಾಗ, "ಸಹಾಯಕಿ ಸಿಗ್ತಾರೆ, ಯೋಚನೆ ಮಾಡ್ಬೇಡಿ" ಎಂದು ಸಿರ್ಕುವಿನ ಭುಜ ಮುಟ್ಟಿದಳು.

ಬಾಗಿಲು ಮುಚ್ಚಿದ ಮೇಲೆ ಐಲಾ ಮೊಮ್ಮಗಳ ಟೋಪಿಯನ್ನು ಎತ್ತಿ ಕೊಡವಿದಳು.

"ಬಲಗೈದು ಮೊದ್ಲು ಹಾಕ್ದೆ ನೀನು."

"ಹೂಂ."

"ನಾನು ನೋಡ್ದೆ."

"ಗೊತ್ತಮ್ಮ."

ಐಲಾ ಲೋಟಗಳನ್ನು ತೊಳೆಯಲು ಹೋದಳು. ಸಿರ್ಕು ಎಲ್ಲ ಬಿಚ್ಚಿ ಮತ್ತೆ ಕಾಲುಚೀಲದಿಂದ ಶುರು ಮಾಡಿದಳು. ಚಲ್ಲಣ, ಸ್ವೆಟರ್, ಹಿಮದಂಗಿ. ಸೈಮಿ ಮರದ ಕೊರಡಿನಂತೆ ನಿಂತು ಎಲ್ಲ ಹಾಕಿಸಿಕೊಂಡಳು. ಬೂಟು, ಟೋಪಿ. ಸಿರ್ಕು ಎಡಗೈಯ ಗವಸನ್ನು ಎತ್ತಿ, ಅವಳಿಗೆ ಚೆನ್ನಾಗಿ ಕಾಣುವ ಹಾಗೆ ಮುಂದೆ ಹಿಡಿದಳು.

"ಎಡಗೈ, ಪುಟ್ಟಿ. ನೋಡು, ಎಡಗೈ ಮೊದಲು."

ಸೈಮಿ ಎರಡೂ ಕೈಗಳನ್ನು ಹಿಮದಂಗಿಯ ತೋಳಿನೊಳಕ್ಕೆ ಎಳೆದುಕೊಂಡಳು, ಬೆರಳ ತುದಿಯೂ ಕಾಣದಷ್ಟು ಒಳಕ್ಕೆ. ಸಿರ್ಕು ಮಂಡಿಯೂರಿಯೇ ಇದ್ದಳು, ಗವಸಿನ ಬಾಯಿಯನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದುಕೊಂಡು.