ಚರ್ಮದ್ದೋ, ಒಳಗಿನದೋ

ರುಕ್ಮವ್ವನ ಚರ್ಮದ ತುಣುಕು ಪರೀಕ್ಷೆಗೆ ಹೋಗಿ ಹನ್ನೆರಡು ದಿನವಾಗಿತ್ತು. ಅಷ್ಟೂ ದಿನ ಶೈಲಾ ಕೆಲಸದಿಂದ ಬಂದವಳು ಮೊದಲು ಅತ್ತೆಯ ಮುಖ ನೋಡುತ್ತಿದ್ದಳು, ಆಮೇಲೆ ಚಪ್ಪಲಿ ಬಿಡುತ್ತಿದ್ದಳು.

ರುಕ್ಮವ್ವ ಅವಳಿಗೆ ಗಂಡನ ತಾಯಿ ಅಷ್ಟೇ ಅಲ್ಲ, ಅಪ್ಪನ ಒಡಹುಟ್ಟಿದ ಅಕ್ಕ. ತಾಯಿ ಸತ್ತ ಐದು ವರ್ಷದ ಹುಡುಗಿಯನ್ನು ಕುಷ್ಟಗಿ ಕಡೆಯ ಹಳ್ಳಿಯಲ್ಲಿ ತಲೆ ಬಾಚಿ, ರೊಟ್ಟಿ ಮುರಿದು ಬಾಯಿಗಿಟ್ಟು ಬೆಳೆಸಿ, ಕಡೆಗೆ ತನ್ನ ಮಗ ಬಸಲಿಂಗನಿಗೇ ತಂದುಕೊಂಡವಳು. ಈಗ ಮೂವರೂ ಚಂದಾಪುರದಲ್ಲಿ, ಪಿಳ್ಳಮ್ಮನ ವಠಾರದ ಒಂದು ಕೋಣೆಯಲ್ಲಿದ್ದರು. ಮಾವ ಊರಲ್ಲೇ ಹೊಲ ನೋಡಿಕೊಂಡಿದ್ದ. ಟೈಲ್ಸ್ ಕೂರಿಸುವ ಬಸಲಿಂಗ ವಾರಗಟ್ಟಲೆ ಸೈಟಿನಲ್ಲೇ ಇರುತ್ತಿದ್ದ. ಶೈಲಾ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದಳು. ರುಕ್ಮವ್ವ ಕಳೆದ ತಿಂಗಳವರೆಗೂ ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸುತ್ತಿದ್ದಳು.

ಮೂರು ವರ್ಷದ ಕೆಳಗೆ ಅವಳಿಗೆ ತುರಿಕೆ ಶುರುವಾಗಿತ್ತು. ತುರಿಕೆ ಇದ್ದ ಜಾಗ ಗಂಡಸರ ಮುಂದೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ಔಷಧಿ ಅಂಗಡಿಯವನಿಗೆ, "ತೊಡಿಯಾಗ ಹುಳುಕಡ್ಡಿ ಆಗೇತಿ" ಅಂದಳು. ಅವನು ಒಂದು ಮುಲಾಮು ಕೊಟ್ಟ. ಅದು ಮುಗಿದ ಮೇಲೆ ಕ್ಲಿನಿಕ್ಕಿನ ಡಾಕ್ಟರಿಗೂ ಹಾಗೇ ಹೇಳಿದಳು. ತೊಡೆ ತೋರಿಸು ಅಂತ ಅವರೂ ಕೇಳಲಿಲ್ಲ, ಬೇರೆ ಮುಲಾಮು ಬರೆದರು. ಹಚ್ಚಿದಾಗ ಎರಡು ದಿನ ತಂಪು, ಆಮೇಲೆ ಮತ್ತೆ ಉರಿ.

ಅವಳು ಒಂದೇ ಮಗ್ಗುಲಿಗೆ ಭಾರ ಹಾಕಿ ಕೂರುವುದನ್ನು ನೋಡಿ ನೋಡಿ, ಒಂದು ಭಾನುವಾರ ಶೈಲಾ ಬಾಗಿಲು ಹಾಕಿ ಅಗಳಿ ಜಡಿದಳು. "ಸೀರಿ ಎತ್ತು ಅತ್ತಿ. ನಾ ಸಣ್ಣಾಕಿದ್ದಾಗ ನನ್ನ ತೊಳದಾಕಿ ನೀನ. ನನ್ನ ಮುಂದ ಎಂಥಾ ನಾಚಿಕಿ?" ಅಂದಳು. ಚರ್ಮ ಅಂಗೈಯಗಲ ಕೆಂಪಗೆ ಸುಲಿದಿತ್ತು. ಅಲ್ಲಲ್ಲಿ ಬಿಳಿ ಹೊಟ್ಟು ಕೂತಿತ್ತು. ತೊಡೆಯ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರ್ ದಿವ್ಯಾ ಇನ್ನೂ ಚಿಕ್ಕ ವಯಸ್ಸಿನವರು. ತುಣುಕು ತೆಗೆದು ಕಳಿಸಿದರು, ಮೊದಲ ರಿಪೋರ್ಟು ಬಂದ ದಿನ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇದು ಹುಳುಕಡ್ಡಿ ಅಲ್ಲಮ್ಮ, ಕ್ಯಾನ್ಸರ್. ಪ್ಯಾಜೆಟ್ ಅಂತಾರೆ. ಬಂದ್ರೆ ಮೊಲೆತೊಟ್ಟಲ್ಲಿ ಬರೋದೇ ಜಾಸ್ತಿ, ಅದೂ ಅಪರೂಪ. ಈ ಜಾಗದಲ್ಲಿ ಇನ್ನೂ ಅಪರೂಪ."

ಶೈಲಾ ಅತ್ತೆಯ ಮೊಣಕೈ ಹಿಡಿದಳು.

"ಈಗ ಗೊತ್ತಾಗಬೇಕಾಗಿರೋದು ಒಂದೇ. ಈ ಕೆಟ್ಟ ಜೀವಕೋಶಗಳು ಚರ್ಮದಲ್ಲೇ ಹುಟ್ಟಿದವಾ, ಇಲ್ಲ ಒಳಗೆ ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದು ಸೇರಿಕೊಂಡವಾ? ಒಂದೊಂದು ಅಂಗದ ಜೀವಕೋಶದಲ್ಲೂ ಅದರದ್ದೇ ಪ್ರೋಟೀನ್ ಇರುತ್ತೆ. ಅದನ್ನ ಹುಡುಕೋ ಬಣ್ಣ ಹಾಕ್ತೀವಿ. ಕಂದು ತಿರುಗಿದ್ರೆ, ಅದು ಎಲ್ಲೀದು ಅಂತ ಗೊತ್ತಾಗುತ್ತೆ."

"ಅಂದ್ರ ಅದಕ್ಕೂ ಯಾವೂರು ಅಂತ ಕೇಳತೀರಿ," ಅಂದಳು ರುಕ್ಮವ್ವ. "ಚಂದಾಪುರದಾಗ ರೂಮ್ ಹುಡುಕುವಾಗ ನಮಗೂ ಮನಿಮನಿಗೆ ಅದನ್ನ ಕೇಳಿದ್ರು."

ಡಾಕ್ಟರು ನಕ್ಕರು, ತಕ್ಷಣ ನಗು ತಡೆದುಕೊಂಡರು. "ಹೂಂ, ಹಂಗೇ ಅಂದ್ಕೊಳ್ಳಿ. ಚರ್ಮದ್ದೇ ಆದ್ರೆ ಕತ್ತರಿಸಿ ತೆಗೀಬಹುದು. ತುಂಬ ಜನ ವಾಸಿಯಾಗ್ತಾರೆ. ಒಳಗಿನದಾದ್ರೆ, ಆ ದಾರಿ ಬೇರೆ."

ಅಂದಿನಿಂದ ಮನೆಯಲ್ಲಿ ಅದೇ ಮಾತು. ಚರ್ಮದ್ದೋ, ಒಳಗಿನದೋ. ರೊಟ್ಟಿ ಬಡಿಯುವಾಗ, ನೀರು ಹಿಡಿಯುವಾಗ ಶೈಲಾ ಚರ್ಮದ್ದೇ ಆಗಲಿ ಅಂತ ಮನಸ್ಸಿನಲ್ಲಿ ಅನ್ನುತ್ತಿದ್ದಳು. ಚರ್ಮಕ್ಕೆ ಕ್ಯಾನ್ಸರ್ ಬರಲಿ ಅಂತ ಬೇಡುವ ಸೊಸೆ ಲೋಕದಲ್ಲಿ ತಾನೊಬ್ಬಳೇ ಇರಬೇಕು ಅಂತಲೂ ಒಮ್ಮೆ ಅನಿಸಿತು.

ಪಿಳ್ಳಮ್ಮ ಸಂಪಿನ ಹತ್ತಿರ ತಡೆದು ನಿಲ್ಲಿಸಿದಳು. "ಏನಮ್ಮಿ, ನಿಮ್ಮತ್ತೆ ಇಂಗ್ ಸೊರಗೋಗವ್ಳೆ? ಊಟ ಆಕ್ತೀಯೋ ಇಲ್ವೋ?"

"ಹಾಕತೀನ್ರಿ. ಆಕೀನ ಉಣ್ಣವಲ್ಲಳು."

"ಸೊಪ್ಪಿನ ಸಾರು ಮಾಡಿವ್ನಿ, ಕಳಿಸ್ಕೊಡ್ತೀನಿ. ನಿಮ್ಮ ಒಣಾ ರೊಟ್ಟಿ ತಿಂದ್ರೆ ಎಂಗ್ ಇಳೀತದೆ ಗಂಟ್ಲಲ್ಲಿ," ಅಂದು ಹೋದಳು. ಸಾರು ಬಂತು. ರುಕ್ಮವ್ವ ಎರಡು ತುತ್ತು ಉಂಡಳು.

ಹದಿಮೂರನೇ ದಿನ ಆಸ್ಪತ್ರೆಯಿಂದ ಫೋನು ಬಂತು. ಶೈಲಾ ರಜೆ ಹಾಕಿದಳು. ಡಾಕ್ಟರ್ ದಿವ್ಯಾ ಕಾಗದವನ್ನು ಎರಡು ಸಲ ಓದಿಕೊಂಡು ಕೇಳಿದರು:

"ಅಮ್ಮ, ಮೂತ್ರ ಮಾಡುವಾಗ ಯಾವತ್ತಾದ್ರೂ ರಕ್ತ ಹೋಗಿತ್ತಾ?"

"ಇಲ್ರಿ," ಅಂದಳು ರುಕ್ಮವ್ವ. ಮತ್ತೆ ತಾನೇ ಅಂದಳು, "ಮುಟ್ಟು ನಿಂತು ಆರು ವರ್ಷ ಆಗಿತ್ರಿ. ಹ್ವಾದ ವರ್ಷ ತಿರುಗಿ ಕೆಂಪ ಕಾಣಾಕತ್ತು. ಎರಡ ಮೂರ ತಿಂಗಳಿಗೊಮ್ಮಿ. ಮತ್ತ ಕಡಿಗಾದೆ ಅಂದಕೊಂಡೆ. ಆ ಮೂರು ದಿನ ದೀಪ ಹಚ್ಚುತಿರಲಿಲ್ಲ."

"ಅದು ಮುಟ್ಟಲ್ಲಮ್ಮ. ಮೂತ್ರದಲ್ಲಿ ಬಂದಿರೋ ರಕ್ತ." ಡಾಕ್ಟರು ಶೈಲಾಳ ಕಡೆ ತಿರುಗಿದರು. "ಮೂತ್ರಕೋಶದ ಒಳಪದರದ ಪ್ರೋಟೀನ್ ಈ ಚರ್ಮದಲ್ಲಿ ಸಿಕ್ಕಿದೆ. ಹುಟ್ಟಿರೋದು ಅಲ್ಲೇ. ಇವತ್ತೇ ಹೊಟ್ಟೆ ಸ್ಕ್ಯಾನ್ ಮಾಡಿಸೋಣ."

ಮುಂದಿನ ಮಾತು ಶೈಲಾಳ ಕಿವಿಗೆ ಬೀಳಲಿಲ್ಲ. ಆ ಮೂರು ದಿನ ಅತ್ತೆ ಬೇರೆ ಕೌದಿ ಹಾಸಿಕೊಂಡು ಬಾಗಿಲ ಪಕ್ಕ ಮಲಗುತ್ತಿದ್ದುದು ಕಣ್ಣಿಗೆ ಕಟ್ಟಿತು. ಮೊದಲ ಸಲ ತಾನು ಆಡಿದ ಮಾತೂ ನೆನಪಾಯಿತು: "ಏನ್ ಅತ್ತಿ, ಈ ವಯಸ್ಸಿನಾಗ ಮತ್ತ ಹರೇ ಬಂತೇನು? ಮಾವನ್ನ ಊರಿಂದ ಕರಸ್ಲೇನು?" ಸೊಸೆ ಅತ್ತೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವತ್ತೇ ಕರೆದುಕೊಂಡು ಬಂದಿದ್ದರೆ?

ಸಂಜೆಯೊಳಗೆ ಸ್ಕ್ಯಾನೂ ಆಯಿತು. ಗಡ್ಡೆ ಮೂತ್ರಕೋಶದ ಗೋಡೆ ದಾಟಿತ್ತು. ಲಿವರ್‌ನಲ್ಲೂ ಗಂಟುಗಳಿದ್ದವು. ಡಾಕ್ಟರು ಶೈಲಾಳನ್ನು ಒಬ್ಬಳನ್ನೇ ಒಳಗೆ ಕರೆದು, ಔಷಧಿ ಕೊಡುತ್ತೇವೆ, ನೋವು ಕಡಿಮೆಯಾಗುತ್ತೆ, ಪೂರ್ತಿ ವಾಸಿಯಾಗುತ್ತೆ ಅಂತ ಹೇಳಲಾರೆ ಅಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬೊಮ್ಮಸಂದ್ರದ ಹತ್ತಿರ ರುಕ್ಮವ್ವ ಸೊಸೆಯ ಕಡೆ ತಿರುಗಿದಳು.

"ಎಷ್ಟ ದಿನ ಅಂದ್ರು?" ಅಂದಳು ರುಕ್ಮವ್ವ.

"ದಿನ ಹೇಳಲಿಲ್ಲ."

"ಹೇಳಲಿಲ್ಲಂದ್ರ ಕಡಿಮಿನ ಅದಾವ."

ಶೈಲಾಳ ಕಣ್ಣಿಂದ ನೀರು ಇಳಿಯಿತು. "ನಾ ನಕ್ಕೆ ಅತ್ತಿ. ನೀ ಕಡಿಗಾಗೀನಿ ಅಂದ್ರ ನಾ ನಕ್ಕೆ."

"ನಾನೂ ನಕ್ಕಿದ್ದೆ. ಅದೇನ ನಕ್ಕದ್ದಕ್ಕ ಬರೂದೇನು? ಆ ಕ್ಲಿನಿಕ್ಕಿನ ಡಾಕ್ಟರಗ ಒಂದ ಮಾತ ನಿಜಾ ಹೇಳಿದ್ದರ ಆಗತಿತ್ತು. ತಪ್ಪ ನಂದು. ನೀ ಹೊರಬ್ಯಾಡ." ಸೆರಗಿನ ತುದಿಯಿಂದ ಸೊಸೆಯ ಮುಖ ಒರೆಸಿದಳು. "ಬಸಲಿಂಗಗ ಫೋನ್ ಹಚ್ಚು. ಏನೂ ಮುಚ್ಚಬ್ಯಾಡ."

ಚಂದಾಪುರದ ಸರ್ಕಲ್ಲಿನಲ್ಲಿ ಇಳಿದು ಫೋನು ಹಚ್ಚಿದಳು. ಹೊಸೂರು ರಸ್ತೆಯ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಅತ್ತ ಬಸಲಿಂಗನ ಕಡೆಯೂ ಟೈಲ್ಸ್ ಕತ್ತರಿಸುವ ಮಷಿನ್ನಿನ ಸದ್ದು.

"ಏನಂದ್ರು? ಜೋರ ಹೇಳ, ಕೇಳವಲ್ದು."

ಬಸ್ಸಿಗೆ ಕಾಯುತ್ತಿದ್ದ ಗಂಡಸರು ಅಲ್ಲೇ ಮಾರು ದೂರದಲ್ಲಿ ನಿಂತಿದ್ದರು. ಶೈಲಾ ಅತ್ತೆಯ ಕಡೆ ನೋಡಿದಳು. ರುಕ್ಮವ್ವ ಹೂಂ ಅನ್ನುವಂತೆ ಗೋಣು ಹಾಕಿದಳು. ಶೈಲಾ ದನಿ ಎತ್ತಿ, ಮೂತ್ರಕೋಶ ಅನ್ನುವಲ್ಲಿಂದ ಶುರುಮಾಡಿ, ಯಾವ ಜಾಗ ಏನು ಅಂತ ಒಂದೊಂದಾಗಿ ಹೇಳುತ್ತ ಹೋದಳು. ಅತ್ತ ಮಷಿನ್ನು ನಿಂತಿತು. ಆದರೂ ಅವಳು ದನಿ ತಗ್ಗಿಸಲಿಲ್ಲ.